ದ್ವಿತೀಯ ಪಿಯುಸಿ ಸಾವಯವ ರಸಾಯನಶಾಸ್ತ್ರದ ಕಾರ್ಡುಗಳು: ಅರ್ಧ ಪೆಟ್ಟಿಗೆಗೆ ಮಾತ್ರ ನನ್ನ ಶಿಫಾರಸು

ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಿಗೆಂದು ಸಿದ್ಧಪಡಿಸಿದ, ಸಾವಯವ ರಸಾಯನಶಾಸ್ತ್ರದ ಕ್ರಿಯೆಗಳನ್ನೂ ಅವುಗಳ ಮೆಕ್ಯಾನಿಸಂಗಳನ್ನೂ (ಕ್ರಿಯೆ ಹಂತ ಹಂತವಾಗಿ ನಡೆಯುವ ಬಗೆಯನ್ನೂ) ಸುಲಭವಾಗಿ ನೆನಪಿನಲ್ಲಿ ಉಳಿಸುವುದಾಗಿ ಹೇಳಿಕೊಳ್ಳುವ ಕಾರ್ಡುಗಳ ಪೆಟ್ಟಿಗೆಯೊಂದನ್ನು ನಮ್ಮ ತರಗತಿಯ ಹಲವರು ಕೊಂಡು ತಂದಿದ್ದರು. ‘ಸರ್, ಇಷ್ಟು ಕಲಿತರೆ ಸಾಕೇ?’ ಎಂಬ ಪ್ರಶ್ನೆ ಪದೇ ಪದೇ ಬಂದುದರಿಂದ ನಾನೂ ಒಂದನ್ನು ಕೊಂಡು, ಹ್ಯಾಲೋಆಲ್ಕೇನ್‌ಗಳಿಂದ ಅಮೈನ್‌ಗಳವರೆಗಿನ ಪಾಠ ಮುಗಿಯುವ ತನಕ ಬಳಸಿ ನೋಡಿದೆ. ಪ್ರಕಾಶಕರ ಹೆಸರು ಇಲ್ಲಿ ಬೇಕಿಲ್ಲ. ಇಂಥದೇ ಬೇರೆ ಪೆಟ್ಟಿಗೆ ಕೊಳ್ಳುವವರೂ ಮುಂದೆ ಹೇಳುವ ಅಂಶಗಳನ್ನು ಪರೀಕ್ಷಿಸಿಕೊಳ್ಳಬಹುದು.

ಪೆಟ್ಟಿಗೆಯಲ್ಲಿ ಎರಡು ಬಗೆಯ ಕಾರ್ಡುಗಳಿವೆ. ಒಂದು ಬಗೆಯವು ವಿಜ್ಞಾನಿಗಳ ಹೆಸರಿನ ಕ್ರಿಯೆಗಳಿಗೆ ಸಂಬಂಧಿಸಿದವು: ಮುಂಬದಿಯಲ್ಲಿ ಹೆಸರು ಮತ್ತು ಆರಂಭದ ವಸ್ತು, ಹಿಂಬದಿಯಲ್ಲಿ ಕಾರಕ ಮತ್ತು ಉತ್ಪನ್ನ. ಇವು ನಿಜಕ್ಕೂ ಉಪಯುಕ್ತವಾಗಿವೆ. ರೋಸೆನ್‌ಮುಂಡ್ ಅಪಕರ್ಷಣಕ್ಕೆ ಬೇರಿಯಂ ಸಲ್ಫೇಟಿನ ಮೇಲಿನ ಪಲ್ಲಾಡಿಯಂ ಬೇಕು, ಕ್ಲೆಮೆನ್ಸನ್ ಕ್ರಿಯೆಗೆ ಸತುವಿನ ಅಮಾಲ್ಗಂ ಮತ್ತು ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಬೇಕು, ವುಲ್ಫ್–ಕಿಶ್ನರ್ ಕ್ರಿಯೆಗೆ ಹೈಡ್ರಜೀನ್ ಬೇಕು ಎಂಬುದನ್ನು ಹದಿನೇಳರ ವಯಸ್ಸಿನ ವಿದ್ಯಾರ್ಥಿ ತರ್ಕದಿಂದ ಕಂಡುಕೊಳ್ಳಲಾರ. ಅದನ್ನು ಬಾಯಿಪಾಠ ಮಾಡಲೇಬೇಕು. ಫೀನಾಲಿನಿಂದಲೇ ಹೊರಡುವ ಕೋಲ್ಬೆ ಮತ್ತು ರೈಮರ್–ಟೀಮನ್ ಕ್ರಿಯೆಗಳನ್ನು ಒಂದರ ಬೆನ್ನಿಗೊಂದು ಇಟ್ಟಿರುವುದು ಅನುಭವಸ್ಥರ ಕೆಲಸ. ಇಂಗಾಲದ ಡೈಆಕ್ಸೈಡ್ ಬಳಸಿದರೆ ಸ್ಯಾಲಿಸಿಲಿಕ್ ಆಮ್ಲ, ಕ್ಲೋರೋಫಾರ್ಮ್ ಬಳಸಿದರೆ ಸ್ಯಾಲಿಸಿಲಾಲ್ಡಿಹೈಡ್ ಎಂಬ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಪ್ರತಿ ವರ್ಷವೂ ಅದಲುಬದಲು ಮಾಡುತ್ತಾರೆ. ಒಂದೇ ಕೊರತೆಯೆಂದರೆ ಆಲ್ಡಾಲ್ ಮತ್ತು ಕ್ಯಾನಿಜಾರೊ ಕಾರ್ಡುಗಳೆರಡರಲ್ಲೂ ಕೇವಲ ‘ಸೋಡಿಯಂ ಹೈಡ್ರಾಕ್ಸೈಡ್’ ಎಂದು ಅಚ್ಚಾಗಿದೆ. ಆಲ್ಫಾ ಹೈಡ್ರೋಜನ್ (ಆಲ್ಡಿಹೈಡ್ ಗುಂಪಿನ ಪಕ್ಕದ ಇಂಗಾಲಕ್ಕೆ ಅಂಟಿದ ಹೈಡ್ರೋಜನ್) ಇರುವ ಆಲ್ಡಿಹೈಡಿಗೆ ಸಾರರಿಕ್ತ ಕ್ಷಾರ, ಅದು ಇಲ್ಲದ ಬೆಂಜಾಲ್ಡಿಹೈಡಿನಂಥವಕ್ಕೆ ಸಾರೀಕೃತ ಕ್ಷಾರ ಎಂಬುದನ್ನು ಪೆನ್ನಿನಿಂದ ಸೇರಿಸಿಕೊಳ್ಳಬೇಕು.

ಇನ್ನೊಂದು ಬಗೆಯವಾದ ಮೆಕ್ಯಾನಿಸಂ ಕಾರ್ಡುಗಳ ವಿಷಯದಲ್ಲಿ ನನಗೆ ಗಂಭೀರ ಆಕ್ಷೇಪವಿದೆ. ಎಥನಾಲ್‌ನ ನಿರ್ಜಲೀಕರಣದ ಕಾರ್ಡನ್ನೇ ನೋಡಿ. ಮೊದಲ ಹಂತದಲ್ಲಿ ಬಾಗಿದ ಬಾಣವು ಪ್ರೋಟಾನಿನಿಂದ ಹೊರಟು ಆಕ್ಸಿಜನ್ನಿನ ಕಡೆಗೆ ಹೋಗುತ್ತದೆ. ಬಾಣವು ಇಲೆಕ್ಟ್ರಾನ್ ಜೋಡಿಯ ಚಲನೆಯನ್ನು ಸೂಚಿಸುವುದರಿಂದ ಅದು ಆಕ್ಸಿಜನ್ನಿನ ಒಂಟಿ ಜೋಡಿಯಿಂದ ಹೊರಟು ಪ್ರೋಟಾನನ್ನು ತಲುಪಬೇಕು. ಪ್ರೋಟಾನಿನಲ್ಲಿ ಕೊಡಲು ಇಲೆಕ್ಟ್ರಾನೇ ಇಲ್ಲ. ಇದನ್ನು ಮುದ್ರಣದೋಷವೆಂದು ಕ್ಷಮಿಸುವುದು ಕಷ್ಟ. ಬಾಣದ ಬಾಲ ಎಲ್ಲಿರಬೇಕು ಎಂಬುದೊಂದೇ ನಿಯಮ ಮನಸ್ಸಿನಲ್ಲಿ ನೆಲೆಗೊಂಡರೆ ಉಳಿದ ಹಂತಗಳನ್ನು ವಿದ್ಯಾರ್ಥಿ ತಾನೇ ಬರೆಯಬಲ್ಲ. ಅದೇ ತಪ್ಪಾಗಿ ಅಚ್ಚಾದರೆ ಇಡೀ ಕಾರ್ಡು ಅರ್ಥವಿಲ್ಲದ ಚಿತ್ರವಾಗಿ ಕಂಠಪಾಠವಾಗುತ್ತದೆ.

ಅದಕ್ಕಿಂತ ದೊಡ್ಡ ದೋಷ ಜೋಡಣೆಯಲ್ಲಿದೆ. ಎಥನಾಲ್ ಎಥೀನ್ ಆಗುವುದು, ಎಥೀನ್ ನೀರಿನೊಡನೆ ಸೇರಿ ಎಥನಾಲ್ ಆಗುವುದು, ಎಥನಾಲ್ ಎಥಾಕ್ಸಿಈಥೇನ್ ಆಗುವುದು: ಈ ಮೂರಕ್ಕೂ ಪ್ರತ್ಯೇಕ ಕಾರ್ಡುಗಳಿದ್ದು, ಅವುಗಳ ನಡುವಿನ ನಂಟನ್ನು ಎಲ್ಲಿಯೂ ಹೇಳಿಲ್ಲ. ವಾಸ್ತವದಲ್ಲಿ ಮೊದಲನೆಯದರ ಮೂರು ಹಂತಗಳನ್ನು, ಅಂದರೆ ಪ್ರೋಟಾನ್ ಸೇರುವುದು, ನೀರು ಕಳಚಿ ಕಾರ್ಬೊಕ್ಯಾಟಯಾನ್ (ಇಂಗಾಲದ ಮೇಲೆ ಧನಾವೇಶವಿರುವ ಅಯಾನ್) ಉಂಟಾಗುವುದು ಮತ್ತು ಪ್ರೋಟಾನ್ ಬಿಟ್ಟುಹೋಗುವುದನ್ನು, ಕೊನೆಯಿಂದ ಮೊದಲಿಗೆ ಬರೆದರೆ ಎರಡನೆಯದು ಸಿದ್ಧವಾಗುತ್ತದೆ. ಈಥರಿನ ಕ್ರಿಯೆಯಲ್ಲಿಯೂ ಮೊದಲ ಹಂತ ಅದೇ. 443 ಕೆಲ್ವಿನ್ ತಾಪದ ಬದಲು 413 ಕೆಲ್ವಿನ್‌ನಲ್ಲಿ ಇನ್ನೊಂದು ಎಥನಾಲ್ ಅಣು ಬಂದು ನೀರನ್ನು ಹೊರದೂಡುತ್ತದೆ, ಅಷ್ಟೆ. ಒಂದನ್ನು ಅರಿತು ಮೂರನ್ನು ಬರೆಯುವ ಅವಕಾಶವಿದ್ದಾಗ ಮೂರನ್ನೂ ಬಿಡಿಬಿಡಿಯಾಗಿ ಉರು ಹೊಡೆಯಿರಿ ಎನ್ನುವುದು ವಿದ್ಯಾರ್ಥಿಯ ಮೇಲೆ ಹೇರುವ ಅನಗತ್ಯ ಹೊರೆ.

ಎಸ್‌ಎನ್2 ಕಾರ್ಡಿನ ಕಥೆ ಇನ್ನೂ ವಿಚಿತ್ರ. ಹೊಸ ಗುಂಪು ಸೇರುವುದೂ ಹಳೆಯದು ಕಳಚುವುದೂ ಒಂದೇ ಹಂತದಲ್ಲಿ ನಡೆಯುವ ಮಾರ್ಗವಿದು. ಮೀಥೈಲ್ ಕ್ಲೋರೈಡ್ ಮತ್ತು ಹೈಡ್ರಾಕ್ಸೈಡ್ ಅಯಾನಿನ ಉದಾಹರಣೆ ಕೊಟ್ಟು, ಅಡಿಯಲ್ಲಿ ‘ವಿನ್ಯಾಸ ತಿರುವುಮುರುವಾಗುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಗಾಳಿಗೆ ಮಗುಚಿಕೊಂಡ ಕೊಡೆಯಂತೆ ಎಂದು ನಾವೆಲ್ಲ ತರಗತಿಯಲ್ಲಿ ಹೇಳುವುದುಂಟು. ಆದರೆ ಮೂರು ಹೈಡ್ರೋಜನ್‌ಗಳೂ ಒಂದೇ ಆಗಿರುವ ಈ ಅಣುವಿನಲ್ಲಿ ಮಗುಚಿದ್ದು ಯಾರಿಗೂ ಕಾಣುವುದಿಲ್ಲ. ಎಡಮುರಿ (ಧ್ರುವೀಕೃತ ಬೆಳಕನ್ನು ಎಡಕ್ಕೆ ತಿರುಗಿಸುವ) 2-ಬ್ರೋಮೋಆಕ್ಟೇನ್ ಬಲಮುರಿ ಆಕ್ಟಾನ್-2-ಆಲ್ ಆಗುವ ಉದಾಹರಣೆ ಪಠ್ಯದಲ್ಲಿಯೇ ಇರುವಾಗ ಅದನ್ನು ಬಿಟ್ಟಿರುವುದೇಕೋ ತಿಳಿಯದು. ಎಸ್‌ಎನ್1 (ಹಳೆಯ ಗುಂಪು ಮೊದಲು ಕಳಚಿ, ಆಮೇಲೆ ಹೊಸದು ಸೇರುವ ಮಾರ್ಗ) ಕಾರ್ಡಿನಲ್ಲಿ ಟರ್ಷಿಯರಿ ಬ್ಯೂಟೈಲ್ ಬ್ರೋಮೈಡ್ ಸರಿಯಾಗಿಯೇ ಇದೆ, ನಿಧಾನದ ಹಂತ ಯಾವುದೆಂಬುದನ್ನೂ ಗುರುತಿಸಲಾಗಿದೆ. ಆ ಮಟ್ಟಿಗೆ ಅದು ಒಳ್ಳೆಯ ಕಾರ್ಡು.

ಹಂತಗಳನ್ನು ಬರೆಯಬೇಕಾದ ವಾರ್ಷಿಕ ಪರೀಕ್ಷೆಗೆ ಇದು ಹೇಗೋ ನಡೆದೀತು. ಆದರೆ ಸಿಇಟಿ, ನೀಟ್ ಪ್ರಶ್ನೆಗಳು ಉತ್ಪನ್ನವನ್ನು ಕೇಳುತ್ತವೆ. ಹೈಡ್ರೋಜನ್ ಅಯೊಡೈಡಿನೊಡನೆ ಮೆಥಾಕ್ಸಿಈಥೇನ್ ಮೀಥೈಲ್ ಅಯೊಡೈಡನ್ನು ಕೊಡುತ್ತದೆ. ಮೀಥೈಲ್ ಗುಂಪೇ ಇರುವ ಟರ್ಷಿಯರಿ ಬ್ಯೂಟೈಲ್ ಮೀಥೈಲ್ ಈಥರ್ ಮಾತ್ರ ಟರ್ಷಿಯರಿ ಬ್ಯೂಟೈಲ್ ಅಯೊಡೈಡನ್ನು ಕೊಡುತ್ತದೆ. ಏಕೆಂದರೆ ಮೊದಲನೆಯದು ಎಸ್‌ಎನ್2, ಎರಡನೆಯದು ಎಸ್‌ಎನ್1 ಮಾರ್ಗ ಹಿಡಿಯುತ್ತದೆ. ಎರಡೂ ಮೆಕ್ಯಾನಿಸಂ ಕಾರ್ಡುಗಳನ್ನು ತಪ್ಪಿಲ್ಲದೆ ಒಪ್ಪಿಸಿದ ಜಾಣ ಹುಡುಗಿಯೊಬ್ಬಳು ಈ ಪ್ರಶ್ನೆಯ ಮುಂದೆ ತಡವರಿಸಿದಳು; ಅವಳಲ್ಲಿ ಕೊರತೆ ಇರಲಿಲ್ಲ, ಎರಡನ್ನು ಎದುರುಬದುರು ಇಟ್ಟು ನೋಡಲು ಕಾರ್ಡುಗಳು ಎಲ್ಲಿಯೂ ಹೇಳಿರಲಿಲ್ಲ.

ಕಾಗದ ದಪ್ಪವಾಗಿದೆ, ಅಚ್ಚು ಸ್ಪಷ್ಟವಾಗಿದೆ, ಪೆಟ್ಟಿಗೆಯ ಮುಚ್ಚಳ ಮಾತ್ರ ಬೇಗ ಹರಿಯುತ್ತದೆ. ಹೆಸರಿನ ಕ್ರಿಯೆಗಳ ಕಾರ್ಡುಗಳನ್ನು ಬಿಡಿಯಾಗಿ ಮಾರಿದರೆ ಹಿಂಜರಿಯದೆ ಕೊಳ್ಳಿ. ಇಡೀ ಪೆಟ್ಟಿಗೆ ಈಗಾಗಲೇ ಮನೆಯಲ್ಲಿದ್ದರೆ ಮೆಕ್ಯಾನಿಸಂ ಕಾರ್ಡನ್ನು ಓದುವ ಮೊದಲು ಆರಂಭದ ವಸ್ತುವನ್ನು ರಫ್ ಪುಸ್ತಕದಲ್ಲಿ ಬರೆದು, ಇಲೆಕ್ಟ್ರಾನ್ ಹೆಚ್ಚಿರುವ ಜಾಗದಿಂದ ಕಡಿಮೆ ಇರುವ ಜಾಗಕ್ಕೆ ಬಾಣಗಳನ್ನು ನೀವೇ ಎಳೆದು, ಆಮೇಲೆ ಕಾರ್ಡಿನೊಡನೆ ಹೋಲಿಸಿ. ಎರಡೂ ಹೊಂದದಿದ್ದರೆ ತಪ್ಪು ನಿಮ್ಮದೇ ಎಂದುಕೊಳ್ಳದೆ ಪಠ್ಯಪುಸ್ತಕವನ್ನು ತೆರೆದು ನೋಡಿ.