36ನೇ ವಯಸ್ಸಿಗೆ ಹಲ್ಲಿಗೆ ಕ್ಲಿಪ್: ನಾನು ಹೋದ ಕ್ಲಿನಿಕ್ ಬಗ್ಗೆ

ನನ್ನ ಮೇಲಿನ ಮುಂದಿನ ಹಲ್ಲುಗಳಲ್ಲಿ ಒಂದು ಪಕ್ಕದ ಹಲ್ಲಿನ ಮೇಲೆ ಹತ್ತಿಕೊಂಡಿತ್ತು. ಫೋಟೋ ತೆಗೆಯುವಾಗೆಲ್ಲ ತುಟಿ ಮುಚ್ಚಿಕೊಂಡೇ ನಗುತ್ತಿದ್ದೆ. ಕೊನೆಗೂ ಸರಿಮಾಡಿಸಿದೆ. ಕ್ಲಿಪ್ ತೆಗೆಸಿ ಈಗ ನಾಲ್ಕು ತಿಂಗಳಾಯಿತು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಎಕ್ಸ್‌ರೇ ಇಲ್ಲ, ಏನಿಲ್ಲ. ಬಾಯಿ ತೆರೆಸಿ ನೋಡಿ, "ಆರು ಹಲ್ಲಿಗೆ ವೆನೀರ್ ಹಾಕಿಬಿಡೋಣ, ಎರಡೇ ವಾರ" ಅಂದರು. ವೆನೀರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳ್ಳನೆಯ ಹೊದಿಕೆ. ಅದನ್ನು ಕೂರಿಸಬೇಕಾದರೆ ಸಾಮಾನ್ಯವಾಗಿ ಹಲ್ಲಿನ ಎನಾಮೆಲ್, ಅಂದರೆ ಮೇಲಿನ ಗಟ್ಟಿ ಪದರ, ಸ್ವಲ್ಪ ಉಜ್ಜಿ ತೆಗೆಯುತ್ತಾರೆ. ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಆ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಇದು ನನಗೆ ಈಗಲೂ ಬೇಜಾರು.

ಎರಡನೇ ಕ್ಲಿನಿಕ್ಕಿಗೆ ವಾರದಲ್ಲಿ ಎರಡು ದಿನ ಆರ್ಥೊಡಾಂಟಿಸ್ಟ್ ಬರುತ್ತಾರೆ. ಹಲ್ಲಿನ ಡಾಕ್ಟರ್ ಆದ ಮೇಲೆ, ಸಾಲು ಸರಿಮಾಡುವುದನ್ನೇ ಬೇರೆಯಾಗಿ ಓದಿದವರು. ಮೇಡಂ ಪೂರ್ತಿ ದವಡೆಯದ್ದೊಂದು, ಪಕ್ಕದಿಂದ ತಲೆಯದ್ದೊಂದು ಎಕ್ಸ್‌ರೇ ತೆಗೆಸಿದರು. ಆಮೇಲೆ ತೆಳ್ಳನೆಯ ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು, "ಕಚ್ಚಿ, ಹಾಗೇ ಆ ಕಡೆ ಈ ಕಡೆ ಆಡಿಸಿ" ಅಂದರು. ಕೈಗೊಂದು ಕನ್ನಡಿ ಕೊಟ್ಟು, ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು ತೋರಿಸಿದರು. ಆ ಹಲ್ಲಿನ ಹಿಂಬದಿಯಲ್ಲಿ ಕಡು ನೀಲಿ ಚುಕ್ಕೆ. ಕೆಳಗಿನ ಹಲ್ಲು ಪ್ರತಿ ಸಲ ಅಲ್ಲೇ ಬಡಿಯುತ್ತಿತ್ತು. "ಇದರ ಮೇಲೆ ವೆನೀರ್ ಹಾಕಿದರೆ ಚಕ್ಕೆ ಏಳೋದು ಜಾಸ್ತಿ. ಮೊದಲು ಹಲ್ಲು ಜಾಗಕ್ಕೆ ಬರಲಿ." ಆ ಚುಕ್ಕೆ ನೋಡಿದ ಮೇಲೆ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

ಹಲ್ಲಿನ ಮೇಲೆ ಹಾಕಿ ತೆಗೆಯಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು, ಅಲೈನರ್, ಅದರ ಬಗ್ಗೆಯೂ ಕೇಳಿದೆ. ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿರಬೇಕು, ಊಟಕ್ಕೆ ಮತ್ತು ಹಲ್ಲುಜ್ಜುವಾಗ ಮಾತ್ರ ತೆಗೆಯಬಹುದು ಅಂದರು. ತೆಗೆದಿಟ್ಟದ್ದನ್ನು ಮರೆಯುವ ಅಭ್ಯಾಸ ನನಗಿದೆ ಅಂತ ನೇರವಾಗಿ ಹೇಳಿದೆ. ಹಾಗಾದರೆ ಅಂಟಿಸುವ ಕ್ಲಿಪ್ಪೇ ಸರಿ ಅಂದರು.

22 ತಿಂಗಳು ಹಿಡಿಯಿತು. ಬೇಗ ಆಗಲ್ವಾ ಅಂತ ಒಮ್ಮೆ ಕೇಳಿದ್ದೆ. ಹಲ್ಲು ಸರಿಯುವ ಕಡೆ ಮೂಳೆ ಕರಗಬೇಕು, ಬಿಟ್ಟುಬಂದ ಜಾಗದಲ್ಲಿ ಹೊಸದು ತುಂಬಬೇಕು, ಜೋರಾಗಿ ಎಳೆದರೆ ಬೇರಿಗೆ ಪೆಟ್ಟು ಅಂತ ಬಿಡಿಸಿ ಹೇಳಿದರು. ತಂತಿ ಬಿಗಿ ಮಾಡಿದಾಗೆಲ್ಲ ಎರಡು ಮೂರು ದಿನ ನೋವಿರುತ್ತಿತ್ತು. ಕ್ಲಿಪ್ ಸುತ್ತ ಸರಿಯಾಗಿ ಉಜ್ಜದಿದ್ದರೆ ಬಿಳಿ ಕಲೆ ಉಳಿಯುತ್ತೆ ಅಂತ ಪ್ರತಿ ಸಲ ಪುಟ್ಟ ಬ್ರಷ್ ಹಿಡಿದು ತೋರಿಸುತ್ತಿದ್ದರು.

ಒಂದು ಕೊರತೆ ಹೇಳಲೇಬೇಕು. ಒಮ್ಮೆ ಒಂದು ಬ್ರಾಕೆಟ್, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು, ಕಿತ್ತು ಬಂತು. ಆರ್ಥೊಡಾಂಟಿಸ್ಟ್ ಬರುವ ದಿನದವರೆಗೂ ಕೆನ್ನೆಗೆ ಚುಚ್ಚುವ ತಂತಿಗೆ ಮೇಣ ಮೆತ್ತಿಕೊಂಡೇ ಇದ್ದೆ. ಸೇರುವ ಮೊದಲೇ ತುರ್ತಿಗೆ ಯಾರು ಸಿಗುತ್ತಾರೆ ಅಂತ ಕೇಳಿಕೊಳ್ಳಿ.

ಕ್ಲಿಪ್ ತೆಗೆದ ದಿನ ವೈಟನಿಂಗ್ ಮಾಡಿಸಲಾ ಅಂದೆ. ಮುಂದಿನ ಹಲ್ಲಿನಲ್ಲಿರುವ ಹಳೇ ಫಿಲ್ಲಿಂಗಿನ ಬಣ್ಣ ಅದರಿಂದ ಬದಲಾಗಲ್ಲ, ಅದೊಂದೇ ಬೇರೆ ಕಾಣುತ್ತೆ ಅಂತ ಅವರೇ ತಡೆದರು. ಈ ಮಾತಿಗೇ ನಾನು ಈ ಕ್ಲಿನಿಕ್ಕನ್ನು ಧೈರ್ಯವಾಗಿ ಹೇಳೋದು.

ಇನ್ನು ರಾತ್ರಿ ರಿಟೈನರ್, ಸರಿಯಾದ ಹಲ್ಲು ಮತ್ತೆ ಜರುಗದಂತೆ ಹಿಡಿದಿಡಲು ಹಾಕಿಕೊಳ್ಳುವ ಸಾಧನ. ಇದು ವರ್ಷಗಟ್ಟಲೆ ಬೇಕು ಅಂತ ಮೊದಲ ದಿನವೇ ಹೇಳಿದ್ದರು. ಮೊನ್ನೆ ಪ್ರಯಾಣದಲ್ಲಿ ನಾಲ್ಕು ರಾತ್ರಿ ಹಾಕಿರಲಿಲ್ಲ. ಐದನೇ ರಾತ್ರಿ ಹಾಕಿದರೆ ಎಷ್ಟು ಬಿಗಿ! ಹಲ್ಲು ಆಗಲೇ ಹಳೇ ಜಾಗಕ್ಕೆ ಹೊರಟಿತ್ತು. ಈಗ ಅದರ ಡಬ್ಬಿ ದಿಂಬಿನ ಪಕ್ಕದಲ್ಲೇ ಇರುತ್ತೆ.