ಮಿಯಾವಾಕಿ ಕಾಡೋ, ದೂರದೂರದ ಗುಂಡಿಗಳೋ?

ಪುಣೆಯಿಂದ ಸಾಸವಡ ದಾಟಿ ಬಾರಾಮತಿಯತ್ತ ಹೋದಂತೆ ಮಳೆ ಕಡಿಮೆಯಾಗುತ್ತದೆ, ಸಹ್ಯಾದ್ರಿಯ ಮಳೆನೆರಳು. ಅಲ್ಲಿನ ಊರಿಗೆಲ್ಲ ಸೇರಿದ ಜಾಗದಲ್ಲಿ ಮರ ನೆಡಲು ಹೊರಟ ನಮ್ಮ ಪುಣೆಯ ಕನ್ನಡ ಗೆಳೆಯರು ಎರಡು ದಾರಿಗಳ ನಡುವೆ ಹೊಯ್ದಾಡುತ್ತಿದ್ದಾರೆ.

ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರ ಪದ್ಧತಿಯಲ್ಲಿ ಚದರ ಮೀಟರಿಗೆ 3–4 ಸಸಿ. ಬೇಗ ಹಸಿರಾಗುತ್ತದೆ, ಫೋಟೊಗೂ ಚೆಂದ. ಆದರೆ ಮಣ್ಣು ಅಗೆದು ಗೊಬ್ಬರ ಬೆರೆಸಬೇಕು, 2–3 ವರ್ಷ ಕಳೆ ತೆಗೆದು ನೀರುಣಿಸಬೇಕು. ಗುಂಟೆಯೊಂದಕ್ಕೆ ಮುನ್ನೂರಕ್ಕೂ ಹೆಚ್ಚು ಬಾಯಿಗಳು! ಬೇಸಿಗೆಯಲ್ಲಿ ಊರಿನವರೇ ಟ್ಯಾಂಕರಿಗೆ ಕಾಯುವಾಗ ಸಸಿಗಳಿಗೆ ನೀರು ಕೇಳುವ ಮುಖ ಯಾರಿಗಿದೆ?

ಇನ್ನೊಂದು ದಾರಿ: 5 ಮೀಟರ್ ಅಂತರದ ಗುಂಡಿಗಳಲ್ಲಿ ಬೇವು, ಹೊಂಗೆ, ಕರಿಜಾಲಿ ನೆಟ್ಟರೆ ಗುಂಟೆಗೆ 4 ಸಸಿ ಸಾಕು. ಸುತ್ತ ಪಾತಿ ಮಾಡಿ ಮಳೆನೀರು ಹಿಡಿಯಬೇಕು, ಬುಡಕ್ಕೆ ಒಣಹುಲ್ಲು ಹೊದಿಸಬೇಕು. ಆಡುಗಳ ಕಾಟಕ್ಕೆ ಮುಳ್ಳುಬೇಲಿ ಬೇಕೇ ಬೇಕು. ನೆರಳು ಬರುವುದು ನಿಧಾನ. ಆದರೂ ನನ್ನ ಮತ ಇದಕ್ಕೇ. ನಗರದ ವಸತಿ ಸಂಘದೊಳಗೆ, ಬಳಸಿ ಶುದ್ಧೀಕರಿಸಿದ ನೀರು ದಿನವೂ ಸಿಗುವಲ್ಲಿ, ಮಿಯಾವಾಕಿ ಆಗಬಹುದು.

ಇನ್ನೊಂದು ಮಾತು. ಸುಪೆ ಬಳಿಯ ಮಯೂರೇಶ್ವರ ಅಭಯಾರಣ್ಯದ ಚಿಂಕಾರ ಎಂಬ ಹುಲ್ಲೆಗಳಿಗೆ ಬೇಕಿರುವುದು ತೆರೆದ ಹುಲ್ಲುಗಾವಲು. ಅಂಥ ನೆಲದಲ್ಲಿ ಎರಡೂ ಬೇಡ.