‘ಲೈಫ್‌ಟೈಮ್’ ಪ್ರೀಮಿಯರ್ ಪ್ರೋ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ

ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಗದಗಿನಲ್ಲಿ 14 ವರ್ಷದಿಂದ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವವನು ನಾನು. ಹೊಸ ಹುಡುಗರಿಗೆ ನಾನೇ ಬುದ್ಧಿ ಹೇಳುತ್ತಿದ್ದೆ. ಅಂಥವನೇ 3,500 ರೂಪಾಯಿ ಕೊಟ್ಟು ಟೋಪಿ ಹಾಕಿಸಿಕೊಂಡೆ.

ನನ್ನ ಹತ್ತಿರ ಇದ್ದದ್ದು ಸಿಎಸ್6, ಅಂದರೆ ಅಡೋಬ್ ಕಂಪನಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋದ ಹಳೇ ಆವೃತ್ತಿ. 2012ರದ್ದು, ಡಬ್ಬದಲ್ಲಿ ಬಂದದ್ದು, ಸೀರಿಯಲ್ ನಂಬರ್ ಸಮೇತ. ಹಳೇದು ನಿಜ, ಆದರೆ ಕೈಗೆ ಕೂತಿತ್ತು. ಈಗ ಕ್ಯಾಮೆರಾದವರು ಕೊಡುವುದೆಲ್ಲ 4ಕೆ, ಎಚ್.265, 10 ಬಿಟ್ ಅಂತ ಹೊಸ ನಮೂನೆಯ ಫೈಲ್. ಸಿಎಸ್6ಗೆ ಅದರ ತಲೆಬುಡ ಗೊತ್ತಾಗುವುದಿಲ್ಲ. ಪ್ರತಿ ಮದುವೆಗೂ ರಾತ್ರಿ ಕನ್ವರ್ಟ್ ಹಾಕಿ ಮಲಗುತ್ತಿದ್ದೆ. ಅಪ್‌ಗ್ರೇಡ್ ಮಾಡಲಾ ಬೇಡವಾ ಅಂತ ಒಂದು ವರ್ಷ ಲೆಕ್ಕ ಹಾಕಿದೆ. ಹೊಸದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಆಷಾಢದಲ್ಲೂ ಕಟ್ಟಬೇಕು. ಆಷಾಢದಲ್ಲಿ ಮದುವೆ ಎಲ್ಲಿಂದ ತರಲಿ?

ಆ ಸಂಕಟಕ್ಕೇ ಅವನು ಕೈಹಾಕಿದ. ಸಾಫ್ಟ್‌ವೇರ್ ಹಾಕಿಕೊಡುವ ಹುಬ್ಬಳ್ಳಿಯವನು, ಗೆಳೆಯರೊಬ್ಬರು ನಂಬರ್ ಕೊಟ್ಟಿದ್ದರು. ‘ಸರ್ರ, ಲೈಫ್‌ಟೈಮ್ ಐತ್ರಿ. ಒಮ್ಮೆ ರೊಕ್ಕಾ ಕೊಟ್ರ ಮುಗೀತು. ಲ್ಯಾಗ್ ಗೀಗ್ ಏನೂ ಆಗಂಗಿಲ್ಲ’ ಅಂದ. ಬಿಲ್ ಕೇಳಿದೆ. ‘ಬಿಲ್ ಅಂದ್ರ ಜಿಎಸ್‌ಟಿ ಬೀಳ್ತದ್ರಿ, ಸುಮ್ನ ಯಾಕ?’ ಅಂದ. ಅಲ್ಲೇ ಎದ್ದು ಹೋಗು ಅನ್ನಬೇಕಿತ್ತು.

ಅಡೋಬ್ 2013ರಲ್ಲೇ ಬಾಡಿಗೆ ಪದ್ಧತಿಗೆ ಹೋಯಿತು. ಸಿಎಸ್6 ಆದಮೇಲೆ ಬಂದ ಪ್ರೀಮಿಯರ್ ಪ್ರೋಗೆ ಲೈಫ್‌ಟೈಮ್ ಅನ್ನೋದೇ ಇಲ್ಲ. ಇದು ನನಗೆ ಗೊತ್ತಿತ್ತು! ಗೊತ್ತಿದ್ದೂ ಫೋನ್‌ಪೇ ಮಾಡಿದೆ.

ಬಂದವನು ಮೊದಲು ಮಾಡಿದ ಕೆಲಸ ಸಿಎಸ್6 ಕಿತ್ತು ಹಾಕಿದ್ದು. ‘ಎರಡೂ ಇದ್ರ ಜಗಳಾಡ್ತಾವ್ರಿ.’ ಸುಳ್ಳು. ಹಳೇದು ಹೊಸದು ಒಂದೇ ಮಷಿನ್‌ನಲ್ಲಿ ಆರಾಮಾಗಿ ಇರುತ್ತವೆ. ನಾನು ಚಹಾ ತರಿಸಲು ಹೊರಗೆ ಹೋಗಿದ್ದೆ, ಬರುವಷ್ಟರಲ್ಲಿ ಕಿತ್ತಿದ್ದ.

ಲ್ಯಾಗ್ ಹೋಯಿತಾ? ಇಲ್ಲ. ಬಣ್ಣದ ವಿವರ ಜಾಸ್ತಿ ಇರುವ 4:2:2 ಫೈಲ್ ಹಾಕಿದರೆ ಟೈಮ್‌ಲೈನ್ ಎತ್ತಿನ ಗಾಡಿ. ಆಮೇಲೆ ತಿಳಿಯಿತು, ಆ ಫೈಲ್ ಸಲೀಸಾಗಿ ಓಡಬೇಕಾದರೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಅದಕ್ಕೆ ಹೊಂದಬೇಕು. ನನ್ನ ಹಳೇ ಎನ್‌ವಿಡಿಯಾ ಕಾರ್ಡ್‌ಗೆ ಅದು ಆಗುವುದೇ ಇಲ್ಲ. ಪ್ರಾಕ್ಸಿ, ಅಂದರೆ ಫೈಲಿನ ಹಗುರ ನಕಲು, ಮಾಡಿಕೊಂಡೇ ಎಡಿಟ್ ಮಾಡಬೇಕಾಯಿತು. ಅಂದರೆ ರಾತ್ರಿ ಕನ್ವರ್ಟ್ ಹಾಕುವುದು ತಪ್ಪಲೇ ಇಲ್ಲ!

ಒಂದು ದಿನ ಮೂಲೆಯಲ್ಲಿರುವ ಪ್ರೊಫೈಲ್‌ನ ಆ ಸಣ್ಣ ವೃತ್ತ ಒತ್ತಿದೆ. ನನ್ನ ಹೆಸರಿಲ್ಲ. ಯಾರದ್ದೋ ಹೆಸರು, ಕೆಳಗೆ ಯಾವುದೋ ಹೊರ ರಾಜ್ಯದ ಕಾಲೇಜಿನ ಇಮೇಲ್. ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಫೋನ್ ಮಾಡಿದೆ. ‘ಅದನ್ನ ನೋಡಬ್ಯಾಡ್ರಿ ಸರ್ರ, ಅದು ಡೀಲರ್ ಐಡಿ’ ಅಂದ. ನೋಡಬೇಡ ಅಂತೆ! ನನ್ನ ಮಷಿನ್, ನನ್ನ ದುಡ್ಡು, ನೋಡಬಾರದು. ಆದರೂ ಸುಮ್ಮನಾದೆ. ಕೆಲಸ ನಡೆಯುತ್ತಿತ್ತಲ್ವಾ.

46ನೇ ದಿನ ಬೆಳಿಗ್ಗೆ ತೆರೆದರೆ ಲಾಗಿನ್ ಕೇಳಿತು. ಅವನು ಕೊಟ್ಟ ಪಾಸ್‌ವರ್ಡ್ ಹತ್ತು ಸಲ ಹಾಕಿದೆ. ತಪ್ಪು, ತಪ್ಪು, ತಪ್ಪು. ಮುಂಡರಗಿಯ ಮದುವೆಯ ಎಡಿಟಿಂಗ್ ಅರ್ಧ ಆಗಿತ್ತು. ಡಬ್ಬ ಹುಡುಕಿ ಸಿಎಸ್6 ಮತ್ತೆ ಹಾಕಿದೆ. ಏನು ಉಪಯೋಗ? ಹೊಸದರಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಹಳೇದರಲ್ಲಿ ತೆರೆಯುವುದಿಲ್ಲ.

ಮೊದಲ ದಿನ, ‘ಸರ್ವರ್ ಪ್ರಾಬ್ಲಂ ಐತ್ರಿ.’ ಎರಡನೇ ದಿನ, ‘ಅಕ್ಕನ ಸೀರೆಕಾರಣದಾಗ ಅದೀನ್ರಿ.’ ಮೂರನೇ ದಿನ ನಾನು ಕೂಗಾಡಿದೆ. ಲೈಫ್‌ಟೈಮ್ ಅಂದಿದ್ದೆಯಲ್ಲಪ್ಪಾ ಅಂದರೆ ಏನಂದ ಗೊತ್ತಾ? ‘ಲೈಫ್‌ಟೈಮ್ ಅಂದ್ರ ಆ ಐಡಿ ಇರೂ ತನಕ್ರೀ.’

ಆ ಐಡಿ ಇರುವ ತನಕ! ಈಗಲೂ ರಾತ್ರಿ ನೆನಪಾದರೆ ಎದ್ದು ಕೂರುತ್ತೇನೆ. ಹೊಸ ಐಡಿ ಬೇಕಾದರೆ ಮತ್ತೆ 1,500 ಅಂತೆ. ಬೈದೆ, ಬ್ಲಾಕ್ ಮಾಡಿದ. ಅತ್ತ ಆ ಮುಂಡರಗಿ ಮದುಮಗಳ ಸೋದರಮಾವ ದಿನಾ ಫೋನ್, ‘ತಮ್ಮಾ, ಕೂಸು ಹುಟ್ಟೂದ್ರಾಗ ಕೊಡ್ತೀಯಿಲ್ಲೋ?’

ಹೇಳುವುದು ಇಷ್ಟೇ. ಬೇರೆಯವರ ಇಮೇಲ್‌ನಲ್ಲಿ ಲಾಗಿನ್ ಆಗಿದ್ದರೆ ಅದು ನಿಮ್ಮದಲ್ಲ. ಸೀಸನ್ ನಡುವೆ ಅಪ್‌ಗ್ರೇಡ್ ಬೇಡ, ಹಳೇದನ್ನು ಯಾರಿಗೂ ಕೀಳಲು ಬಿಡಬೇಡಿ. ಕಂಪನಿಯ ಸೈಟಿನಲ್ಲೇ 7 ದಿನದ ಟ್ರಯಲ್ ಸಿಗುತ್ತದೆ. ಕಾರ್ಡ್ ಕೇಳುತ್ತದೆ, ಬೇಡವಾದರೆ ಮುಗಿಯುವ ಮುಂಚೆ ರದ್ದು ಮಾಡಿ. ಒಂದೇ ಸಲ ದುಡ್ಡು ಕಟ್ಟಿ ಮುಗಿಸಬೇಕು ಅನ್ನುವವರಿಗೆ ದಾವಿಂಚಿ ರಿಸಾಲ್ವ್ ಸ್ಟುಡಿಯೋ ಅನ್ನುವ ಬೇರೆ ಎಡಿಟಿಂಗ್ ಸಾಫ್ಟ್‌ವೇರ್ ಇದೆ, 295 ಡಾಲರ್. ಅದರ ಬಿಟ್ಟಿ ಆವೃತ್ತಿಯೂ ಉಂಟು. 3,500ಕ್ಕೆ ಲೈಫ್‌ಟೈಮ್ ಎಲ್ಲೂ ಇಲ್ಲ.

ನಾನೂ ಈಗ ನನ್ನದೇ ಇಮೇಲ್‌ನಲ್ಲಿ ಆ ಟ್ರಯಲ್ ಹಾಕಿಕೊಂಡೇ ಪ್ರಾಜೆಕ್ಟ್ ತೆರೆದಿದ್ದೇನೆ. ಇನ್ನು ಮೂರು ದಿನ ಉಳಿದಿದೆ. ಸುರಗಿ ಶಾಸ್ತ್ರದ ಎಡಿಟ್ ಮುಗಿದಿದೆ, ಅಕ್ಕಿಕಾಳಿನದು ಬಾಕಿ.